ಬಸಮ್ಮಜ್ಜಿ ಸತ್ತಿಲ್ಲ

“ನಮ್ಮಜ್ಜಿ ಸತ್ತಿಲ್ಲ ಕಣ್ರೀ.”

ಪ್ಲೈವುಡ್ ಅಡ್ಡಗೋಡೆಯ ಈಚೆಗೆ ಗಿರಾಕಿಗಳು ಬರುವ ವಾಡಿಕೆ ಇರಲಿಲ್ಲ. ವಿಜಯ್‌ಕುಮಾರ್ ಕೀಬೋರ್ಡಿನಿಂದ ತಲೆ ಎತ್ತಿದ. ಅಡ್ಡಗೋಡೆಯ ಅಂಚು ಹಿಡಿದು ಹುಡುಗಿಯೊಬ್ಬಳು ನಿಂತಿದ್ದಳು. ಹೆಗಲ ಮೇಲೆ ಮಡಿಸಿ ಹಾಕಿಕೊಂಡ ಬಿಳಿ ಕೋಟು, ಕೈಯಲ್ಲಿ ಒಂದು ಹಾಳೆ, ಮೂಗಿನ ತುದಿಯಲ್ಲಿ ಬೆವರು. ಸಿಟ್ಟು ಬಂದಾಗ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಚಿಕ್ಕದಾಗುವ ಮುಖ ಅದು.

“ಯಾರು?” ಎಂದ.

“ನಮ್ಮಜ್ಜಿ. ಬಸಮ್ಮ. ನಾನು ಬರೋವಾಗ ಹುರುಳಿಕಾಯಿ ನಾರು ತೆಗೀತಾ ಕೂತಿದ್ರು. ನೀವು ಅವರನ್ನ ಮೊದಲನೇ ಪ್ಯಾರಾದಲ್ಲೇ ಸಾಯಿಸಿದ್ದೀರಿ. ಎರಡನೇ ಪ್ಯಾರಾದಲ್ಲಿ ಕಾವೇರಿ ದಡಕ್ಕೆ ತಗೊಂಡು ಹೋಗಿ ಸುಟ್ಟೂಬಿಟ್ಟಿದ್ದೀರಿ.”

ಮುಂದಿನ ಕೌಂಟರಿನಿಂದ ಮಾಲೀಕ ಷಡಕ್ಷರಿಯ ದನಿ ತೇಲಿ ಬಂತು. “ಅಜ್ಜಿ ಇದ್ದಾರಂತೋ ವಿಜಿ? ಹಂಗಾದ್ರೆ ತಾತನ್ನ ಹಾಕ್ಕೊಡಯ್ಯ. ರೇಟ್ ಒಂದೇ.”

“ತಾತ ಹೋಗಿ ಬಹಳ ಕಾಲ ಆಯ್ತು ಸಾರ್,” ಎಂದು ಅವಳು ಅತ್ತ ತಿರುಗದೆಯೇ ಹೇಳಿದಳು. “ಅವರನ್ನೂ ಸುಟ್ಟಿಲ್ಲ. ನಾವು ಲಿಂಗಾಯತರು. ಕೂರಿಸಿ ಹೂಳ್ತೀವಿ. ಇದನ್ನ ಓದಿದ್ರೆ ನಮ್ಮಜ್ಜಿ ಸತ್ತಿದ್ದಕ್ಕಿಂತ ಸುಟ್ಟಿದ್ದಕ್ಕೆ ಜಾಸ್ತಿ ಬೇಜಾರ್ ಮಾಡ್ಕೋತಾರೆ.”

ವಿಜಯ್ ಹಾಳೆಯನ್ನು ಇಸಿದುಕೊಂಡ. ಮೇಲೆ ಹೆಸರಿತ್ತು: ಡಾ. ಎಂ. ಧನುಶ್ರೀ. ಇಷ್ಟು ಹೊತ್ತು ಅದು ಅವನ ಪಾಲಿಗೆ ಬರೀ ಹೆಸರಾಗಿತ್ತು.

ಅದು ಎರಡು ಸಾವಿರದ ಮೂರನೇ ಇಸವಿಯ ಆಗಸ್ಟ್. ನಜರ್‌ಬಾದಿನ ಮುಖ್ಯರಸ್ತೆಯಲ್ಲಿದ್ದ ಷಡಕ್ಷರಿಯ ಅಂಗಡಿಯಲ್ಲಿ ಜೆರಾಕ್ಸ್ ಇತ್ತು, ಟೈಪಿಂಗ್ ಇತ್ತು, ಇಂಟರ್ನೆಟ್ಟಿನ ನಾಲ್ಕಾರು ಗೂಡುಗಳಿದ್ದವು. ಬೋರ್ಡಿನಲ್ಲಿ ಬರೆಯದ ಇನ್ನೊಂದು ವ್ಯಾಪಾರವೂ ಇತ್ತು. ಹೊರದೇಶಕ್ಕೆ ಅರ್ಜಿ ಹಾಕುವವರು ತಮ್ಮ ಬಗ್ಗೆ ತಾವೇ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಡಬೇಕಾಗುತ್ತದಲ್ಲ, ಆ ಪುಟವನ್ನು ಇಲ್ಲಿ ವಿಜಯ್ ಬರೆಯುತ್ತಿದ್ದ. ಅಮೆರಿಕದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ, ಅಂದರೆ ತಜ್ಞರಾಗುವ ತರಬೇತಿ, ಮಾಡಲು ಹೊರಟ ಡಾಕ್ಟರುಗಳು ಅದನ್ನು ಪರ್ಸನಲ್ ಸ್ಟೇಟ್‌ಮೆಂಟ್ ಎನ್ನುತ್ತಿದ್ದರು. ನಾನು ಯಾರು, ವೈದ್ಯಕೀಯದಲ್ಲಿ ಈ ವಿಭಾಗವೇ ನನಗೆ ಏಕೆ ಬೇಕು ಎಂದು ಹೇಳುವ ಪುಟ.

ಗಿರಾಕಿಗಳು ಬಯೋಡೇಟಾವನ್ನು ಷಡಕ್ಷರಿಯ ಕೈಗೆ ಕೊಟ್ಟು ಹೋಗುತ್ತಿದ್ದರು. ಅದು ಅಡ್ಡಗೋಡೆಯ ಮೇಲಿನ ಟ್ರೇಗೆ ಬೀಳುತ್ತಿತ್ತು. ಈಚೆಯಿಂದ ವಿಜಯ್ ಅದನ್ನೆತ್ತಿಕೊಂಡು, ಮುಖ ನೋಡದ ಮನುಷ್ಯರ ಪರವಾಗಿ ‘ನಾನು’ ಎಂದು ಶುರು ಮಾಡುತ್ತಿದ್ದ. ಎಂಜಿನಿಯರ್ ಆದರೆ ಬಾಲ್ಯದಲ್ಲಿ ಬಿಚ್ಚಿ ಜೋಡಿಸಿದ ರೇಡಿಯೋ. ಡಾಕ್ಟರ್ ಆದರೆ ತೀರಿಕೊಂಡ ಅಜ್ಜಿ. ಇಷ್ಟು ದಿನ ಯಾವ ಅಜ್ಜಿಯೂ ತಕರಾರು ಮಾಡಿಕೊಂಡು ಬಂದಿರಲಿಲ್ಲ.

“ಸಾರಿ,” ಎಂದ. “ನಮ್ಮಲ್ಲೂ ಹೂಳೋದೇ. ಇಂಗ್ಲಿಷಿನಲ್ಲಿ ಬೆಂಕಿ ಚೆನ್ನಾಗಿ ಕಾಣತ್ತೆ ಅಂತ ಹಾಕ್ತಿದ್ದೆ.”

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ಆದರೆ ಆ ಎಡಗಣ್ಣು ಮೆಲ್ಲಗೆ ತನ್ನ ಅಳತೆಗೆ ಮರಳಿತು. ವಿಜಯ್ ಅದನ್ನು ನೋಡಿದ. ನೋಡಿದ್ದು ಅವಳಿಗೆ ತಿಳಿಯಿತೆಂದು ಗೊತ್ತಾಗಿ ಮಾನಿಟರಿನತ್ತ ತಿರುಗಿದ.

“ಇನ್ನೊಂದು ಬರೀಬೇಕಾದ್ರೆ ನೀವು ಕೂತು ಮಾತಾಡ್ಬೇಕಾಗತ್ತೆ ಡಾಕ್ಟ್ರೇ.”

“ಮಾತಾಡೋಕೆ ಬರದೇ ಇರೋದಕ್ಕೇ ಅಲ್ವೇನ್ರೀ ನಿಮ್ಮ ಹತ್ರ ಬಂದಿರೋದು?” ಎಂದು ಅವಳು ಸ್ಟೂಲ್ ಎಳೆದುಕೊಂಡು ಕೂತಳು.

*

ನಜರ್‌ಬಾದಿನಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವಳು ಡ್ಯೂಟಿ ಡಾಕ್ಟರ್. ಮಧ್ಯಾಹ್ನದ ಡ್ಯೂಟಿ ಮುಗಿಸಿ, ಸಿದ್ಧಾರ್ಥನಗರದ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬರುತ್ತಿದ್ದಳು. ಸ್ಕೂಟಿಯ ಸದ್ದು ನಿಂತ ಕೂಡಲೇ ಷಡಕ್ಷರಿ, “ಬಂದ್ರು ಕಣಪ್ಪ ನಿನ್ನ ಪೇಷೆಂಟು,” ಎನ್ನುತ್ತಿದ್ದ. ವಿಜಯ್ ಕೇಳಿಸದವನಂತೆ ಕೀಬೋರ್ಡಿನ ಧೂಳು ಊದುತ್ತಿದ್ದ.

“ಹೇಳಿ. ಅನಸ್ತೇಷಿಯಾನೇ ಯಾಕೆ?”

“ಜನಸೇವೆ ಮಾಡೋಕೆ.”

“ಅದನ್ನ ಈ ತಿಂಗಳು ಬಂದವರೆಲ್ಲಾ ಬರೆಸಿದ್ದಾರೆ. ಚರ್ಮರೋಗದ ಡಾಕ್ಟ್ರೂ ಬರೆಸಿದ್ದಾರೆ.”

“ವಿಜ್ಞಾನದ ಕುತೂಹಲ?”

“ಇದೆಯಾ?”

“ಅಷ್ಟೇನಿಲ್ಲ.”

“ಹಂಗಾದ್ರೆ ಬೇಡ. ನಿಮ್ಮ ಮಾರ್ಕ್ಸು, ಚಿನ್ನದ ಪದಕ ಎಲ್ಲಾ ಅವರ ಮುಂದೆ ಬೇರೆ ಹಾಳೆಯಲ್ಲಿ ಇರತ್ತೆ. ಮತ್ತೆ ಅದನ್ನೇ ಹೇಳೋದ್ರಲ್ಲಿ ಏನಿದೆ? ಈ ಹುಡುಗಿ ಬೆಳಿಗ್ಗೆ ನಮ್ಮ ಜೊತೆ ಆಪರೇಷನ್ ಥಿಯೇಟರ್‌ನಲ್ಲಿ ನಿಂತ್ರೆ ಹೆಂಗಿರ್ತಾಳೆ ಅಂತ ಅವರಿಗೆ ಕಾಣ್ಬೇಕು.”

“ನಿಮಗೆ ಕಾಣತ್ತಾ?”

ಅವನಿಗೆ ಕಾಣುತ್ತಿತ್ತು. ಮಾತಿಗೆ ಮೊದಲು ಅವಳು ಎಳೆದುಕೊಳ್ಳುವ ಸಣ್ಣ ಉಸಿರು, ಯೋಚಿಸುವಾಗ ತನ್ನದೇ ಮಣಿಕಟ್ಟಿನ ನಾಡಿ ಹಿಡಿದುಕೊಂಡು ಕೂರುವ ಅಭ್ಯಾಸ, ಫ್ಯಾನ್ ಗಾಳಿಗೆ ಹಾರುವ ಕೂದಲನ್ನು ಪೆನ್ನಿನ ತುದಿಯಿಂದ ಕಿವಿಯ ಹಿಂದಕ್ಕೆ ತಳ್ಳುವ ರೀತಿ. ಇದು ಯಾವುದನ್ನೂ ಅಮೆರಿಕದವರಿಗೆ ಬರೆದು ಕಳಿಸಲು ಬರುವಂತಿರಲಿಲ್ಲ.

ಸಂಜೆ ಅವನು ಸೈಕಲ್ ತುಳಿದು ಬನ್ನಿಮಂಟಪಕ್ಕೆ ಹೋಗುತ್ತಿದ್ದ. ಅಪ್ಪ ದೇವಯ್ಯ ಕುದುರೆ ಪೊಲೀಸಿನಲ್ಲಿದ್ದು ರಿಟೈರ್ ಆದವರು. ಬದುಕಿನ ಬಹುಪಾಲು ಮಾತನ್ನು ಕುದುರೆಗಳ ಜೊತೆಯೇ ಆಡಿ ಮುಗಿಸಿದ್ದರು. “ಊಟ ಆಯ್ತಾ?” “ಆಯ್ತು.” “ಬಾಗ್ಲು ಹಾಕ್ಲಾ?” “ಹಾಕು.” ಅಷ್ಟರಲ್ಲಿ ಆ ಮನೆಯ ಮಾತು ಮುಗಿಯುತ್ತಿತ್ತು. ಇಂಗ್ಲಿಷ್ ಎಂ.ಎ. ಮಾಡಿಕೊಂಡು ಬಂದಾಗಿನಿಂದ ವಿಜಯ್ ಆ ಮೌನಕ್ಕೆ ಒಗ್ಗಿಹೋಗಿದ್ದ, ಅದನ್ನು ಇಷ್ಟಪಡುತ್ತೇನೆಂದೂ ತಿಳಿದಿದ್ದ. ಈಗ ಆ ಮನೆಯಲ್ಲಿ ಕೂತು, ನಾಳೆ ಸ್ಕೂಟಿ ನಿಲ್ಲುವ ಸದ್ದಿಗೆ ಕಿವಿ ಕೊಟ್ಟಿರುವುದು ಅವನಿಗೇ ವಿಚಿತ್ರವೆನಿಸಿತು.

*

“ನಮ್ಮಜ್ಜಿ ನಿಮ್ಮನ್ನ ನೋಡ್ಬೇಕಂತೆ,” ಎಂದಳು ಒಂದು ದಿನ.

“ಯಾಕೆ?”

“ಸಾಯಿಸಿದೋನ ಮುಖ ನೋಡ್ಬೇಡ್ವಾ?”

ಸಿದ್ಧಾರ್ಥನಗರದ ಆ ಮನೆಯ ಜಗುಲಿಯಲ್ಲಿ ಬಸಮ್ಮ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಕತ್ತಿನಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ. ಧನುಶ್ರೀಯ ಅಪ್ಪ ಮೃತ್ಯುಂಜಯ ಸಂತೇಪೇಟೆಯ ತಮ್ಮ ಮಂಡಿಗೆ ಹೋಗಿದ್ದರು.

“ಇವನೇ ಏನೇ ನನ್ನ ಸುಟ್ಟೋನು?”

“ಅವರೇ ಅಜ್ಜಿ.”

“ಬಡಕ್ಲಾಗವ್ನಲ್ಲೇ. ಸುಡೋ ಅಷ್ಟು ಸೌದೆ ಎಂಗ್ ಹೊತ್ತ?” ಅಜ್ಜಿ ಬಾಯ್ತುಂಬ ನಕ್ಕು, ಚಕ್ಕುಲಿಯ ತಟ್ಟೆಯನ್ನು ಅವನತ್ತ ತಳ್ಳಿದರು. “ತಿನ್ನಪ್ಪ. ಸತ್ತೋರ ಮನೇಲಿ ನಾಚ್ಕೋಬಾರ್ದು. ನನ್ನ ಯಾವ ಕಾಯಿಲೇಲಿ ಸಾಯಿಸ್ಬುಟ್ಟೆ, ಅದನ್ನಾದ್ರೂ ಹೇಳು.”

“ಜ್ವರ ಅಂತ ಬರೆದಿದ್ದೆ ಅಜ್ಜಿ.”

“ಅಯ್ಯೋ, ಬರೀ ಜ್ವರಾನಾ? ಇಷ್ಟು ಕಾಲ ಗಟ್ಟಿಮುಟ್ಟಾಗಿದ್ದು ಜ್ವರಕ್ಕೆ ಹೋಗ್ಬುಟ್ನಾ ನಾನು!” ಎಂದು ಅವರು ಮೊಮ್ಮಗಳತ್ತ ನೋಡಿದರು. “ಇನ್ನೂ ದೊಡ್ಡ ಕಾಯಿಲೆ ಹಾಕ್ಸೇ.”

ಮೂವರೂ ನಕ್ಕರು. ನಗು ಇಳಿದ ಮೇಲೆ ಅಜ್ಜಿ ಬೇರೆಯದೇ ದನಿಯಲ್ಲಿ ಕೇಳಿದರು. “ನಿಮ್ಮವ್ವ ಏನ್ ಮಾಡ್ತಾರಪ್ಪ?”

“ಇಲ್ಲ ಅಜ್ಜಿ.”

ಅಜ್ಜಿ ಇನ್ನೊಂದು ಚಕ್ಕುಲಿ ಎತ್ತಿ ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಿಸಿದರು. ಧನುಶ್ರೀ ಬಾಗಿಲಿಗೊರಗಿ ನಿಂತು ಅವನನ್ನೇ ನೋಡುತ್ತಿದ್ದಳು.

ಗೇಟಿನವರೆಗೆ ಬಿಡಲು ಬಂದವಳು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಯಿಟ್ಟಳು.

“ಒಂದು ಕೇಳ್ಲಾ? ನೀವು ಮೊದಲು ಬರೆದಿದ್ರಲ್ಲ, ಅದರಲ್ಲಿ ಅಜ್ಜಿ ಸತ್ತಿದ್ದು ಸುಳ್ಳು, ಬೆಂಕಿ ಸುಳ್ಳು, ಕಾವೇರಿ ಸುಳ್ಳು. ಆದರೆ ಆಸ್ಪತ್ರೆ ಕಾರಿಡಾರ್‌ನಲ್ಲಿ ಗಂಜಿ ಡಬ್ಬಿ ಹಿಡ್ಕೊಂಡು ನಿಂತಿದ್ದು, ಒಳಗಿಂದ ಬಂದು ಹೇಳಿದಾಗ ಡಬ್ಬಿ ಇನ್ನೂ ಬಿಸಿ ಇತ್ತು ಅಂತ ಒಂದು ಸಾಲಿದೆ. ಅದನ್ನ ಯಾರೂ ಸುಮ್‌ಸುಮ್ನೆ ಬರೆಯೋಕಾಗಲ್ಲ. ಆ ಡಬ್ಬಿ ಯಾರದು?”

ಎದುರುಮನೆಯ ಕಾಂಪೌಂಡಿನ ಮೇಲೆ ಬೆಕ್ಕೊಂದು ನಡೆದು ಹೋಯಿತು. ಅದು ಆ ಕೊನೆ ಮುಟ್ಟುವವರೆಗೂ ವಿಜಯ್ ನೋಡಿದ.

“ನಮ್ಮಮ್ಮಂದು,” ಎಂದ. “ಬೋರಮ್ಮ ಅಂತ. ನಾನು ಪಿಯುಸಿಯಲ್ಲಿದ್ದೆ. ಗಂಜಿ ತಗೊಂಡು ಬಾ ಅಂದಿದ್ರು. ಬಿಸಿ ಆರಬಾರದು ಅಂತ ಟವೆಲ್ ಸುತ್ಕೊಂಡು ಓಡ್ಕೊಂಡ್ ಬಂದಿದ್ದೆ. ಆರಿರಲಿಲ್ಲ.”

ಅವಳು ಅಯ್ಯೋ ಪಾಪ ಎನ್ನಲಿಲ್ಲ. ಅದಕ್ಕಾಗಿಯೇ ಅವನು ಇನ್ನಷ್ಟು ಹೇಳಿದ. “ಯಾರ ಹತ್ರಾನೂ ಹೇಳೋಕಾಗ್ಲಿಲ್ಲ. ಮೊದಲನೇ ಸಲ ಯಾರೋ ಡಾಕ್ಟರಿಗೆ ಬರೀತಿದ್ದಾಗ ತಾನಾಗೇ ಬಂದುಬಿಡ್ತು. ಅವರಿಗೆ ಸೀಟೂ ಸಿಕ್ತು. ಆಮೇಲೆ ಎಲ್ಲರಿಗೂ ಅದನ್ನೇ ಹಾಕ್ತಾ ಬಂದೆ.”

“ಅಂದ್ರೆ ನಿಮ್ಮಮ್ಮ ಅಮೆರಿಕದಲ್ಲೆಲ್ಲಾ ಯಾರ್‌ಯಾರದೋ ಅಜ್ಜಿ ಆಗಿ ಓಡಾಡ್ತಿದ್ದಾರೆ.”

“ಹೂಂ.”

“ಇನ್ನು ಯಾರಿಗೂ ಕೊಡ್ಬೇಡಿ ಅದನ್ನ,” ಎಂದಳು. ಹ್ಯಾಂಡಲ್ ಮೇಲಿದ್ದ ಅವಳ ಬೆರಳು ಬ್ರೇಕಿನ ತಂತಿಯನ್ನು ಒಮ್ಮೆ ಒತ್ತಿ ಬಿಟ್ಟಿತು. “ಅದು ನಿಮ್ಮದು ಕಣ್ರೀ.”

*

ಮರುದಿನ ಅವಳು ಸ್ಟೂಲಿನ ಮೇಲೆ ಕೂತವಳೇ, ಕೇಳದೆ ಶುರು ಮಾಡಿದಳು.

“ಮಾರ್ಕೆಟ್‌ನಲ್ಲಿ ಹೂ ಮಾರೋ ಹೆಂಗಸು ಒಬ್ಬರು ಬಂದಿದ್ರು. ಚಂದ್ರಮತಿ ಅಂತ. ಹೊಟ್ಟೆ ಆಪರೇಷನ್ನು. ಜೊತೆಗೆ ಯಾರೂ ಇಲ್ಲ, ಸಹಿ ಕೂಡ ತಾವೇ ಹಾಕಿದ್ರು. ನಮ್ಮಲ್ಲಿ ಅನಸ್ತೇಷಿಯಾ ಕೊಡೋಕೆ ಬರೋ ಡಾಕ್ಟರಿಗೆ ನಾನೇ ಅಸಿಸ್ಟ್ ಮಾಡೋದು. ಮಲಗಿಸಿದಾಗ ಆಯಮ್ಮ ಹೇಳಿದ್ರು, ‘ನಿದ್ದೆ ಮಾಡೋಕೆ ಭಯ ಇಲ್ಲ ಕಣವ್ವ, ಎದ್ದಾಗ ಯಾರೂ ಇರಕ್ಕಿಲ್ವಲ್ಲ ಅಂತ ಭಯ’ ಅಂತ. ನಾನು ಕೈ ಹಿಡ್ಕೊಂಡೆ. ಔಷಧಿ ಹೋಗ್ತಾ ಹೋಗ್ತಾ ಹಿಡಿತ ಸಡಿಲ ಆಗತ್ತೆ, ಗೊತ್ತಾ? ಒಂದೊಂದೇ ಬೆರಳು ಬಿಟ್ಟುಹೋಗತ್ತೆ.”

ವಿಜಯ್ ಟೈಪ್ ಮಾಡುವುದನ್ನು ನಿಲ್ಲಿಸಿದ್ದ.

“ಸರ್ಜನ್ ಕೆಲಸ ಮುಗಿಸಿ ಗ್ಲೌಸ್ ಬಿಚ್ಚಿ ಹೋಗ್ಬಿಡ್ತಾರೆ. ಅಲ್ಲಿಂದ ಆ ಮನುಷ್ಯರನ್ನ ವಾಪಸ್ ಕರ್ಕೊಂಡು ಬರೋದು ಅನಸ್ತೇಷಿಯಾದವರ ಕೆಲಸ. ಹೆಸರು ಹಿಡಿದು ಕರೀಬೇಕು. ಕಣ್ಣು ಬಿಡಿ. ನಿಮ್ಮ ಹೆಸರೇನು? ಎಲ್ಲಿದ್ದೀರಿ? ನೋವಿದ್ಯಾ? ನನ್ನ ಕೈ ಹಿಸುಕಿ ನೋಡೋಣ. ಚಂದ್ರಮತಿ ಕಣ್ಣು ಬಿಟ್ರು, ಹೆಸರು ಹೇಳಿದ್ರು. ನೋವಿದ್ಯಾ ಅಂದೆ. ‘ಅದೆ ಕಣವ್ವ’ ಅಂದು ನಕ್ಕುಬಿಟ್ರು. ‘ಅಂಗಾದ್ರೆ ಬದುಕಿವ್ನಿ ಅನ್ನು’ ಅಂತ. ಆಮೇಲೆ ನನ್ನ ಕೈ ಹಿಸುಕಿದ್ರು ನೋಡಿ, ಬಳೆ ಗುರುತು ಸಂಜೆವರೆಗೂ ಹೋಗ್ಲಿಲ್ಲ.”

ಅವಳು ತನ್ನ ಮಣಿಕಟ್ಟು ನೋಡಿಕೊಂಡಳು.

“ಎದ್ದಾಗ ಪಕ್ಕದಲ್ಲಿ ಇರೋದು. ಅಷ್ಟೇ ರೀ ನಂಗೆ ಬೇಕಾಗಿರೋದು. ಇದನ್ನ ಅವರ ಮುಂದೆ ಹೇಳಿದ್ರೆ ನಗಲ್ವಾ?”

“ಇಲ್ಲ,” ಎಂದ ವಿಜಯ್. “ಇದೇ.”

ಆ ವಾರ ಅವನು ಬೇರೆ ಯಾರದ್ದೂ ಬರೆಯಲಿಲ್ಲ. ಚಂದ್ರಮತಿಯ ಕೈಯಿಂದ ಶುರು ಮಾಡಿದ. ಹಿಡಿತ ಸಡಿಲವಾದದ್ದು, ಮತ್ತೆ ಬಿಗಿಯಾದದ್ದು, ನಡುವಿನ ಹೊತ್ತು. ಪದಕದ ಮಾತಿಲ್ಲ, ಸೇವೆಯ ಮಾತಿಲ್ಲ. ದೊಡ್ಡ ಪದಗಳನ್ನು ಒಂದೊಂದಾಗಿ ತೆಗೆದ. ಉಳಿದದ್ದು ಅವಳ ದನಿ. ಇಂಗ್ಲಿಷಿನಲ್ಲಿ ಓದಿದರೂ ಮಾತಿಗೆ ಮೊದಲು ಅವಳೆಳೆಯುವ ಸಣ್ಣ ಉಸಿರು ಕೇಳಿಸುತ್ತಿತ್ತು.

ಮುಗಿಸಿ, ಮೊದಲಿನಿಂದ ಓದಿದ. ಈ ಪುಟ ಓದಿದ ಯಾವ ಆಸ್ಪತ್ರೆಯೂ ಅವಳನ್ನು ಬಿಡುವುದಿಲ್ಲ. ಅವಳನ್ನು ಇಲ್ಲಿಂದ ಕಳಿಸಲು ಇಷ್ಟು ಅಚ್ಚುಕಟ್ಟಾಗಿ ಇನ್ಯಾರೂ ದಾರಿ ಮಾಡಿಕೊಡಲಾರರು.

ಒಂದು ಸಾಲು ಕೆಡಿಸಿದರೆ ಸಾಕು. ಕೊನೆಗೆ ಒಂದಿಷ್ಟು ಜನಸೇವೆ ಸೇರಿಸಿದರೆ ಸಾಕು, ಇಡೀ ಪುಟ ನೂರರಲ್ಲಿ ಒಂದಾಗಿಬಿಡುತ್ತದೆ. ಅವಳಿಗೆ ಗೊತ್ತೂ ಆಗುವುದಿಲ್ಲ. ಅವನು ಕರ್ಸರನ್ನು ಕೊನೆಯ ಸಾಲಿನ ತುದಿಗೆ ತಂದಿಟ್ಟ. ಅದು ಮಿಟುಕುತ್ತಾ ಕಾಯಿತು. ಅಡ್ಡಗೋಡೆಯಾಚೆ ಜೆರಾಕ್ಸ್ ಯಂತ್ರ ಯಾರದೋ ಅಂಕಪಟ್ಟಿಯನ್ನು ಬೆಳಗಿಸಿ ಬೆಳಗಿಸಿ ಹೊರಗೆಸೆಯುತ್ತಿತ್ತು.

ಎದ್ದಾಗ ಪಕ್ಕದಲ್ಲಿ ಯಾರೂ ಇಲ್ಲದವರು ಆ ಊರುಗಳಲ್ಲೂ ಇರುತ್ತಾರೆ ಎಂದುಕೊಂಡ. ಪ್ರಿಂಟ್ ಕೊಟ್ಟ.

*

ಅವಳು ನಿಂತೇ ಓದಿದಳು. ಎರಡನೆಯ ಸಲ ಕೂತು ಓದಿದಳು. ಆಮೇಲೆ ಹಾಳೆಯ ಮೇಲಂಚಿನಿಂದ ಬರೀ ಕಣ್ಣು ಎತ್ತಿ ಅವನನ್ನು ನೋಡಿದಳು. ಎರಡು ಕಣ್ಣೂ ಒಂದೇ ಅಳತೆಯಲ್ಲಿದ್ದವು, ಒದ್ದೆಯಾಗಿದ್ದವು.

“ಇದು ನಾನೇ,” ಎಂದಳು.

“ನೀವೇ ಹೇಳಿದ್ದು.”

“ನಾನು ಹೇಳಿದ್ದು ಇಷ್ಟಿಲ್ಲ. ನೀವು ಕೇಳಿಸ್ಕೊಂಡಿದ್ದು ಇಷ್ಟು.” ಹಾಳೆ ಮಡಿಸಲು ಹೋಗಿ, ಮಡಿಸದೆ ಎದೆಗೊತ್ತಿಕೊಂಡಳು. “ನೀವು ಯಾವತ್ತಾದ್ರೂ ನಿಮ್ಮದು ಬರ್ಕೊಂಡಿದ್ದೀರಾ?”

“ಯಾರೂ ಕೇಳಿಲ್ಲ.”

“ನಾನು ಕೇಳಿದ್ರೆ?”

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ವಿಜಯ್‌ನ ಬಾಯಿಗೆ ಒಂದು ಪದ ಬಂದಿತ್ತು. ಇಷ್ಟು ವರ್ಷ ಬೇರೆಯವರಿಗಾಗಿ ಬರೆದ ಅದೇ ಪದ, ‘ನಾನು’. ಅದರ ಮುಂದೆ ಏನು ಎಂದು ಅವನು ಹುಡುಕುತ್ತಿರುವಾಗಲೇ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು.

“ಲೋ ವಿಜಿ, ಸೇವ್ ಮಾಡಿದ್ಯೇನೋ?” ಎಂದು ಷಡಕ್ಷರಿ ಕೂಗಿದ.

“ಮಾಡಿದ್ದೀನಿ,” ಎಂದ ವಿಜಯ್.

ಕತ್ತಲಲ್ಲಿ ಸ್ಟೂಲ್ ಸರಿಯಿತು. ನಂತರ ಗಾಜಿನ ಬಾಗಿಲು ತೆರೆದು ಮುಚ್ಚಿಕೊಂಡ ಸದ್ದಾಯಿತು.

*

ದಸರಾ ಬಂತು, ಹೋಯಿತು. ಪಂಜಿನ ಕವಾಯತಿನ ಬೆಳಕು ಅವನ ಮನೆಯ ಹೆಂಚಿನ ಮೇಲೂ ಬಿತ್ತು. ಅಪ್ಪ ಹಳೆಯ ಯೂನಿಫಾರ್ಮನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿ ಮತ್ತೆ ಒಳಗಿಟ್ಟರು. ಚಳಿಗಾಲದಲ್ಲಿ ಧನುಶ್ರೀ ಸಂದರ್ಶನಗಳಿಗೆಂದು ಅಮೆರಿಕಕ್ಕೆ ಹೋಗಿ ಬಂದಳು. ಮಾರ್ಚ್‌ನಲ್ಲಿ ಫಲಿತಾಂಶ ನೋಡಲು ಬಂದದ್ದು ಇದೇ ಅಂಗಡಿಗೆ. ಪುಟ ತೆರೆದುಕೊಳ್ಳುವವರೆಗೆ ಇಬ್ಬರೂ ಒಂದೇ ಗೂಡಿನಲ್ಲಿ ಭುಜ ತಾಗದಂತೆ ಕೂತಿದ್ದರು. ತೆರೆದಾಗ ತಾಗಿತು. ಕ್ಲೀವ್‌ಲ್ಯಾಂಡಿನ ಒಂದು ಆಸ್ಪತ್ರೆ.

“ನಿಮ್ಮಿಂದ,” ಎಂದಳು.

“ಚಂದ್ರಮತಿಯಿಂದ,” ಎಂದ.

ಷಡಕ್ಷರಿಗೆ ಅಜ್ಜಿ ಕಳಿಸಿದ ಕಡ್ಲೆಹಿಟ್ಟಿನ ಉಂಡೆ ಸಿಕ್ಕಿತು. “ನೋಡಯ್ಯ, ಅಜ್ಜಿ ಬದುಕಿದ್ರೆ ಎಷ್ಟು ಅನುಕೂಲ!” ಎಂದು ಬಾಯಿಗೆ ಹಾಕಿಕೊಂಡ.

ಜೂನ್‌ನಲ್ಲಿ, ಹೊರಡುವ ಹಿಂದಿನ ದಿನ, ಅವಳು ಸುಮ್ಮನೆ ಬಂದಳು. ಪ್ರಿಂಟ್ ತೆಗೆಯುವುದಿರಲಿಲ್ಲ, ಮೇಲ್ ನೋಡುವುದಿರಲಿಲ್ಲ. ಅಡ್ಡಗೋಡೆಯ ಅಂಚು ಹಿಡಿದು, ಮೊದಲ ದಿನ ನಿಂತ ಜಾಗದಲ್ಲೇ ನಿಂತಳು. ಷಡಕ್ಷರಿ ಯಾವುದೋ ನೆಪ ಮಾಡಿ ಎದುರಿನ ಹೋಟೆಲಿಗೆ ಕಾಫಿಗೆ ಹೋದ.

“ಅಪ್ಪ ಗಂಡು ಹುಡುಕ್ತೀನಿ ಅಂತಿದ್ರು. ಓದು ಮುಗಿಯೋವರೆಗೂ ಬೇಡ ಅಂದಿದ್ದೀನಿ,” ಎಂದಳು.

“ಹೂಂ.”

“ಓದು ನಾಲ್ಕು ವರ್ಷ.”

“ಗೊತ್ತು.”

“ಏನಾದ್ರೂ ಹೇಳಿ ವಿಜಯ್.”

ಹೆಸರಿನ ಅರ್ಧವನ್ನು ಅವಳು ಬಿಟ್ಟಿದ್ದು ಅದೇ ಮೊದಲು. ಅವನು ಎಷ್ಟೋ ಜನರಿಗೆ ಎಷ್ಟೋ ಸಲ ಬರೆದುಕೊಟ್ಟಿದ್ದ: ನನಗೆ ಇದು ಬೇಕು, ಇಂಥದಕ್ಕೆ ಬೇಕು, ನನ್ನನ್ನು ಆರಿಸಿಕೊಳ್ಳಿ. ಪುಟದ ಕೊನೆಗೆ ಬರಲೇಬೇಕಾದ ಮಾತು ಅದು. ಗಂಜಿಯ ಡಬ್ಬಿ ಹಿಡಿದು ನಿಂತ ಹುಡುಗ ಅವನೊಳಗೆ ಇನ್ನೂ ಆ ಕಾರಿಡಾರಿನಲ್ಲೇ ನಿಂತಿದ್ದ. ಬಿಸಿ ಆರುವ ಮೊದಲು ಓಡಿ ಬಂದರೂ ತಡವಾಗಬಹುದೆಂದು ಅವನಿಗೆ ಗೊತ್ತಿತ್ತು.

“ಸ್ವೆಟರ್ ತಗೊಂಡ್ರಾ?” ಎಂದ. “ಅಲ್ಲಿ ಚಳಿ ಜಾಸ್ತಿಯಂತೆ.”

ಅವಳು ಅಡ್ಡಗೋಡೆಯಿಂದ ಕೈ ತೆಗೆದಳು. “ತಗೊಂಡಿದ್ದೀನಿ,” ಎಂದಳು.

ಸ್ಕೂಟಿ ಒಂದೇ ಕಿಕ್ಕಿಗೆ ಶುರುವಾಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಎದ್ದು ಹೋಗಿ ಒದ್ದುಕೊಡಬಹುದಿತ್ತು. ಅವನು ಕೂತಲ್ಲೇ ಕೂತು ಆ ಸದ್ದು ಹೊತ್ತಿಕೊಂಡು ರಸ್ತೆಯ ತಿರುವಿನಲ್ಲಿ ಕರಗುವವರೆಗೂ ಕೇಳಿಸಿಕೊಂಡ.

*

ಅವಳು ಹೋದ ಮೇಲೆ ಒಂದು ಬದಲಾವಣೆ ಮಾತ್ರ ಆಯಿತು. ಅಂಗಡಿಯಲ್ಲಿ ಯಾವ ಅಜ್ಜಿಯೂ ಸಾಯಲಿಲ್ಲ. ಟ್ರೇಗೆ ಬಯೋಡೇಟಾ ಬಿದ್ದರೆ ವಿಜಯ್ ಅಡ್ಡಗೋಡೆಯಾಚೆ ಹೋಗಿ, “ಕೂತ್ಕೊಳ್ಳಿ, ಮಾತಾಡೋಣ,” ಎನ್ನುತ್ತಿದ್ದ. ವ್ಯಾಪಾರ ನಿಧಾನವಾಯಿತೆಂದು ಷಡಕ್ಷರಿ ಗೊಣಗಿದ. ಸಂಜೆ ಸ್ಕೂಟಿಗಳು ಎಷ್ಟೋ ನಿಲ್ಲುತ್ತಿದ್ದವು. ಪ್ರತಿ ಸಲವೂ ಕೈ ತಾನಾಗಿಯೇ ಕೀಬೋರ್ಡಿನ ಧೂಳಿನತ್ತ ಹೋಗುತ್ತಿತ್ತು.

ಮಳೆಗಾಲ ಮುಗಿಯುತ್ತಾ ಬಂದಾಗ, ಒಂದು ಭಾನುವಾರ ಬೆಳಿಗ್ಗೆ, ಅಂಗಡಿಯ ಮುಂದೆ ಆಟೋ ನಿಂತಿತು. ಬಸಮ್ಮ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಚೀಲ ಹಿಡಿದು ಇಳಿದರು.

“ಎಲ್ಲಪ್ಪ ನನ್ನ ಸುಟ್ಟೋನು? ನನ್ನ ಮೊಮ್ಮಗಳ್ನ ತೋರ್ಸು. ಇಲ್ಲೇನೋ ಡಬ್ಬ ಅದಂತಲ್ಲ, ಮುಖ ಕಾಣೋದು. ಅವಳೇ ಫೋನ್ ಮಾಡಿ ಹೇಳಿದ್ಲು, ವಿಜಯ್ ಹತ್ರ ಹೋಗು ಅಂತ.”

ಅಂಗಡಿಗೆ ವೆಬ್ ಕ್ಯಾಮೆರಾ ಬಂದು ಹೆಚ್ಚು ದಿನವಾಗಿರಲಿಲ್ಲ. ಅವನು ಅಜ್ಜಿಯನ್ನು ಮೂಲೆಯ ಗೂಡಿನಲ್ಲಿ ಕೂರಿಸಿ, ಸೆರಗಿನ ಮೇಲೆಯೇ ಹೆಡ್‌ಫೋನ್ ತೊಡಿಸಿದ. ಪರದೆಯ ಮೇಲೆ ಮೊದಲು ಚೌಕಗಳು ಬಂದವು, ಚೌಕಗಳು ಕೂಡಿ ಬೂದು ಸ್ವೆಟರ್ ಆಯಿತು, ಸ್ವೆಟರಿನ ಮೇಲೆ ಅವಳ ಮುಖ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅವಳ ಹಿಂದೆ ಒಂದು ಬೋಳು ಗೋಡೆ, ಒಂದು ಖಾಲಿ ಕುರ್ಚಿ.

“ಯಾಕೆ ಮಗ ಇಳಿದೋಗ್ಬುಟ್ಟೆ!” ಎಂದು ಅಜ್ಜಿ ಇಡೀ ನಜರ್‌ಬಾದಿಗೆ ಕೇಳುವಂತೆ ಕೂಗಿದರು. ಆಮೇಲೆ ಸಾರಿನ ಪುಡಿ, ಮಂಡಿಯ ಸುದ್ದಿ, ಪಕ್ಕದ ಮನೆಯವರ ನಾಯಿ. ವಿಜಯ್ ಕ್ಯಾಮೆರಾಕ್ಕೆ ಬೀಳದಂತೆ ಸರಿದು ನಿಂತಿದ್ದ. ಆಚೆಯ ದನಿ ಅವನಿಗೆ ಕೇಳಿಸುತ್ತಿರಲಿಲ್ಲ. ತುಟಿ ಮಾತ್ರ ಕಾಣುತ್ತಿತ್ತು. ಮಾತಿಗೆ ಮೊದಲು ಆ ಸಣ್ಣ ಉಸಿರು, ಸದ್ದಿಲ್ಲದೆ.

“ಇಲ್ಲೇ ಅವ್ನೆ,” ಎಂದರು ಅಜ್ಜಿ ಯಾವುದಕ್ಕೋ ಉತ್ತರವಾಗಿ. “ಕಳ್ಳನಂಗೆ ಮೂಲೇಲಿ ನಿಂತವ್ನೆ. ತಗೋ ಅಪ್ಪ, ನಿಂಗೇ ಕೊಡ್ಬೇಕಂತೆ.”

ಹೆಡ್‌ಫೋನ್ ಅವನ ಕೈಗೆ ಬಂತು. ಸ್ಟೂಲಿನ ಮೇಲೆ ಕೂತು ಕಿವಿಗಿಟ್ಟುಕೊಂಡ. ಕೇಳಿದ್ದು ಅವಳ ಉಸಿರೊಂದೇ. ಇಷ್ಟು ದೂರದಿಂದ ಇಷ್ಟು ಹತ್ತಿರ. ಅವನಿಗೆ ಗೊತ್ತಿಲ್ಲದೆಯೇ ಕಣ್ಣು ಮುಚ್ಚಿಕೊಂಡವು.

“ವಿಜಯ್‌ಕುಮಾರ್,” ಎಂದಿತು ಆ ದನಿ. ತಮಾಷೆಯ ದನಿಯಲ್ಲ, ಗೇಟಿನ ಬಳಿಯ ದನಿಯೂ ಅಲ್ಲ. ಅವನು ಬರೆದಿದ್ದ, ಆದರೆ ಒಮ್ಮೆಯೂ ಕೇಳಿರದ ದನಿ. “ವಿಜಯ್‌ಕುಮಾರ್, ಕಣ್ಣು ಬಿಡಿ.”

ಅವನು ಕಣ್ಣು ಬಿಟ್ಟ. ಪರದೆಯಲ್ಲಿ ಅವಳು ಮುಂದಕ್ಕೆ ಬಾಗಿದ್ದಳು.

“ನಿಮ್ಮ ಹೆಸರೇನು?”

“ಈಗ ತಾನೆ ನೀವೇ ಕರೆದ್ರಲ್ಲ.”

“ಕೇಳಿದ್ದಕ್ಕೆ ಉತ್ತರ ಹೇಳ್ಬೇಕು.”

“ವಿಜಯ್‌ಕುಮಾರ್.”

“ಎಲ್ಲಿದ್ದೀರಿ?”

“ನಜರ್‌ಬಾದಲ್ಲಿ. ಅಂಗಡೀಲಿ.”

“ನೋವಿದ್ಯಾ?”

ಫ್ಯಾನು ತಿರುಗುತ್ತಿತ್ತು. ಕರೆಂಟು ಇತ್ತು. ಷಡಕ್ಷರಿ ಕೂಗಲಿಲ್ಲ.

“ಇದೆ,” ಎಂದ.

“ಎಲ್ಲಿ?”

“ನೀವು ಇಲ್ಲದ ಕಡೆಯೆಲ್ಲಾ.” ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. “ಅವತ್ತೇ ಹೇಳ್ಬೇಕಿತ್ತು. ಹೋಗ್ಬೇಡಿ ಅನ್ನೋಕೆ ಮನಸ್ಸಿರಲಿಲ್ಲ. ಹೋದ್ರೆ ನಾನು ಏನಾಗ್ತೀನಿ ಅಂತ ಹೇಳೋಕೆ ಧೈರ್ಯ ಇರಲಿಲ್ಲ. ನಾನು ಕಾಯ್ತೀನಿ ಧನು. ನಾಲ್ಕು ವರ್ಷ ಅಂದ್ರೆ ನಾಲ್ಕು ವರ್ಷ. ಎದ್ದಾಗ ನಿಮ್ಮ ಪಕ್ಕದಲ್ಲೂ ಯಾರಾದ್ರೂ ಇರ್ಬೇಕಲ್ಲ.”

ಪರದೆ ಒಂದು ಕ್ಷಣ ಚೌಕಗಳಾಗಿ ಒಡೆದು ಮತ್ತೆ ಕೂಡಿತು. ಅವಳು ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಗುತ್ತಲೂ ಇದ್ದಳು.

“ಎಷ್ಟು ಹೊತ್ತು ರೀ ಎಚ್ಚರ ಆಗೋಕೆ! ಯಾವ ಪೇಷೆಂಟೂ ಇಷ್ಟು ಸತಾಯಿಸಿಲ್ಲ.” ಮೂಗೆಳೆದುಕೊಂಡು, ಮತ್ತೆ ಆ ಥಿಯೇಟರಿನ ದನಿಗೆ ಮರಳಿದಳು. “ಇನ್ನೊಂದು ಬಾಕಿ ಇದೆ. ನನ್ನ ಕೈ...”

ಅಲ್ಲಿಗೆ ನಿಲ್ಲಿಸಿದಳು. ಇಬ್ಬರೂ ಪರದೆಯ ಆಚೀಚೆ ತಮ್ಮ ತಮ್ಮ ಕೈ ನೋಡಿಕೊಂಡರು. ನಡುವೆ ಎಷ್ಟು ದೂರವಿದೆಯೆಂದು ಆಗ ಗೊತ್ತಾಯಿತು.

“ಏನಪ್ಪ, ನೀನೊಬ್ನೇ ಕೇಳ್ತಾ ಕೂತ್ಬುಟ್ಯಲ್ಲ! ನಂಗೂ ಕೊಡು,” ಎಂದು ಅಜ್ಜಿ ಪಕ್ಕದಿಂದ ಅವನ ಕೈ ಹಿಡಿದು ಎಳೆದರು. ಸುಕ್ಕುಗಟ್ಟಿದ, ಬೆಚ್ಚಗಿನ, ವಿಭೂತಿ ಮೆತ್ತಿದ ಕೈ. ವಿಜಯ್ ಅದನ್ನು ಬಿಡಲಿಲ್ಲ. ಮೆಲ್ಲಗೆ ಎತ್ತಿ, ಕ್ಯಾಮೆರಾಕ್ಕೆ ಕಾಣುವಂತೆ ಹಿಡಿದು, ಹಿಸುಕಿದ.

ಪರದೆಯಲ್ಲಿ ಧನುಶ್ರೀ ತನ್ನ ಬಲಗೈಯನ್ನು ನೋಡಿಕೊಂಡು, ನಿಧಾನವಾಗಿ ಮುಷ್ಟಿ ಮಾಡಿದಳು.

“ಗೊತ್ತಾಯ್ತು,” ಎಂದಳು.